ಇಗರ್ಜಿಯ ಕಲ್ಲಿನಲ್ಲಿ ಏನನ್ನು ಓದಬೇಕು?

ನಮ್ಮ ಅಕ್ಕನ ಮಗಳು ವಾಸ್ತುಶಿಲ್ಪ ಓದುತ್ತಿದ್ದಾಳೆ, ನಾಲ್ಕನೆಯ ವರ್ಷ. ಒಂದು ದಿನ ಸಂಜೆ ಆಕೆ ನಾಲ್ಕೈದು ಹಾಳೆಗಳನ್ನು ನಮ್ಮ ಮುಂದಿಟ್ಟು, ‘ಮಾಮೂ, ಇದನ್ನು ಸ್ವಲ್ಪ ಓದಿ ನೋಡಿ. ಅಮ್ಮಿಗೆ ನೀವೇ ಹೇಳಬೇಕು’ ಎಂದಳು. ಅಮೆರಿಕದ ಒಂದು ವಿಶ್ವವಿದ್ಯಾಲಯ ಫ್ರಾನ್ಸಿನಲ್ಲಿ ನಡೆಸುವ ಬೇಸಿಗೆ ಪಾಠದ ವಿವರ ಅದರಲ್ಲಿತ್ತು. ಐದು ವಾರಗಳ ಪಾಠ. ಬೆಳಿಗ್ಗೆ ಕ್ರೈಸ್ತ ದೇವಶಾಸ್ತ್ರದ ಓದು, ಮಧ್ಯಾಹ್ನ ಹಳೆಯ ಇಗರ್ಜಿಗಳ ಭೇಟಿ, ಸಂಜೆ ಕಂಡದ್ದನ್ನು ಬರೆದು ತೋರಿಸುವ ಸ್ಕೆಚ್ ಪುಸ್ತಕ. ಬೇರೆ ದೇಶದ ವಿದ್ಯಾರ್ಥಿಗಳೂ ಸೇರಬಹುದು.

ಅಕ್ಕನ ತಕರಾರು ನೇರವಾಗಿತ್ತು. ‘ಕಟ್ಟಡ ಕಲಿಯುವ ಹುಡುಗಿಗೆ ಪಾದ್ರಿಗಳ ಪಾಠ ಯಾಕೆ?’ ಮಗಳ ಉತ್ತರವೂ ಅಷ್ಟೇ ನೇರ. ‘ಪಾದ್ರಿಗಳ ಪಾಠ ಗೊತ್ತಿಲ್ಲದೆ ಪಾದ್ರಿಗಳು ಕಟ್ಟಿಸಿದ್ದು ಅರ್ಥವಾಗುತ್ತದಾ ಅಮ್ಮಿ?’ ನ್ಯಾಯ ಹೇಳಲು ನಮ್ಮನ್ನು ಕೂರಿಸಿದರು. ನಾವು ಹಾಳೆಗಳನ್ನು ಮನೆಗೆ ತಂದು, ಅದರಲ್ಲಿ ಹೆಸರಿಸಿದ್ದ ಪುಸ್ತಕಗಳಲ್ಲಿ ಸಿಕ್ಕಷ್ಟನ್ನು ಹುಡುಕಿ ಓದಿದೆವು. ನಾವು ಪ್ಯಾರಿಸ್ ಕಂಡವರಲ್ಲ. ಕತೆ ಬರೆಯುವವರು ಕಾಣದ ಊರುಗಳನ್ನು ಓದಿ ತಿಳಿಯುವ ಹಾಗೆ ತಿಳಿದವರು. ಓದಿ ಮುಗಿಸಿದಾಗ ನಮಗೂ ಒಂದು ತಕರಾರು ಹುಟ್ಟಿತು. ಆದರೆ ಅದು ಅಕ್ಕನ ತಕರಾರಿನ ಉಲ್ಟಾ. ಈ ಪಾಠದಲ್ಲಿ ದೇವಶಾಸ್ತ್ರ ಹೆಚ್ಚಾಯಿತು ಎಂದಲ್ಲ, ಸಾಲದಾಯಿತು ಎಂದು.

ಇಂಥ ಪಾಠಗಳ ಹಿಂದಿರುವ ಆಲೋಚನೆ ಒಳ್ಳೆಯದು ಎಂಬುದನ್ನು ಮೊದಲು ಹೇಳಿಬಿಡಬೇಕು. ಇಂಡಿಯಾನಾದ ನೋಟರ್ ಡೇಮ್ ವಿಶ್ವವಿದ್ಯಾಲಯ ತನ್ನ ವಾಸ್ತುಶಿಲ್ಪ ವಿದ್ಯಾರ್ಥಿಗಳನ್ನು 1969ರಿಂದ ಒಂದು ವರ್ಷ ರೋಮ್‌ಗೆ ಕಳಿಸುತ್ತಾ ಬಂದಿದೆ. ಕಟ್ಟಡವನ್ನು ಚಿತ್ರದಲ್ಲಿ ನೋಡುವುದಕ್ಕೂ ಅದರೊಳಗೆ ನಿಲ್ಲುವುದಕ್ಕೂ ಇರುವ ಅಂತರ ಎಲ್ಲರಿಗೂ ಗೊತ್ತು. ಅದರ ಜೊತೆಗೆ, ಈ ಕಟ್ಟಡದೊಳಗೆ ಜನ ಏನನ್ನು ನಂಬಿ ಮೊಣಕಾಲೂರಿದರು ಎಂಬುದನ್ನೂ ಅಲ್ಲಿಯೇ ಕಲಿಸಿದರೆ ಕಲ್ಲು ಬಾಯಿ ಬಿಡುತ್ತದೆ. ಪೂಜೆಯ ದಿಕ್ಕು ಪೂರ್ವಕ್ಕೆ ಏಕೆ, ನೆಲದ ನಕ್ಷೆ ಶಿಲುಬೆಯಂತೆ ಏಕೆ, ಪಶ್ಚಿಮದ ಬಾಗಿಲ ಮೇಲೆ ಅಂತಿಮ ತೀರ್ಪಿನ ದಿನದ ಚಿತ್ರ ಏಕೆ ಎಂಬ ಪ್ರಶ್ನೆಗಳಿಗೆ ಇಂಜಿನಿಯರಿಂಗ್ ಪುಸ್ತಕದಲ್ಲಿ ಉತ್ತರವಿಲ್ಲ. ಮಿಹ್ರಾಬ್ ಯಾಕೆ ಎಂದು ತಿಳಿಯದವನಿಗೆ ಮಸೀದಿಯ ನಕ್ಷೆ ಬರೀ ಗೋಡೆಯೊಳಗಿನ ಒಂದು ಗೂಡಾಗಿ ಕಾಣುವಂತೆಯೇ ಇದು.

ಆದ್ದರಿಂದ ಜೋಡಿಸಿದ್ದು ತಪ್ಪಲ್ಲ. ಜೋಡಿಸಿದ ರೀತಿಯನ್ನು ನೋಡೋಣ.

ಪಾಠದ ಮೊದಲ ವಾರ ಪೂರ್ತಿ ಪ್ಯಾರಿಸ್ಸಿನ ಉತ್ತರಕ್ಕಿರುವ ಸೇನ್ ಡೆನಿಗೆ ಮೀಸಲು. ಇದು ಸರಿಯಾದ ಆರಂಭವೇ. ಗಾಥಿಕ್ ಎಂದು ನಾವು ಕರೆಯುವ ಶೈಲಿ ಇಲ್ಲಿಂದ ಶುರುವಾಯಿತೆಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. 1122ರಿಂದ 1151ರವರೆಗೆ ಈ ಮಠದ ಅಧಿಪತಿಯಾಗಿದ್ದ ಸ್ಯೂಜೇ ಹಳೆಯ ಇಗರ್ಜಿಯ ಪಶ್ಚಿಮದ ಮುಖವನ್ನು ಮೊದಲು ಕಟ್ಟಿಸಿದರು. ಆಮೇಲೆ ಪೂರ್ವದ ಭಾಗವನ್ನು ಕೈಗೆತ್ತಿಕೊಂಡು ಮೂರು ವರ್ಷ ಮೂರು ತಿಂಗಳಲ್ಲಿ ಮುಗಿಸಿದ್ದಾಗಿ ಬರೆದಿದ್ದಾರೆ. 1144ರ ಜೂನ್ 11ರಂದು ಅದರ ಪ್ರತಿಷ್ಠೆಯಾಯಿತು. ಮೊನಚು ಕಮಾನು, ಛಾವಣಿಯ ಭಾರವನ್ನು ಕಂಬಗಳಿಗೆ ಇಳಿಸುವ ಕಲ್ಲಿನ ಏಣುಗಳು, ಗೋಡೆಯ ಕೆಲಸ ಕಡಿಮೆಯಾದ್ದರಿಂದ ಬಂದ ದೊಡ್ಡ ಬಣ್ಣಗಾಜಿನ ಕಿಟಕಿಗಳು, ಈ ಮೂರೂ ಒಟ್ಟಿಗೆ ಕೂಡಿದ್ದು ಇಲ್ಲಿ.

ಸ್ಯೂಜೇ ಬರೀ ಕಟ್ಟಿಸಲಿಲ್ಲ, ಕಟ್ಟಿಸಿದ್ದರ ಬಗ್ಗೆ ಬರೆದರು. ಮಧ್ಯಯುಗದಲ್ಲಿ ಇದು ಅಪರೂಪ. ಆ ಬರಹಗಳಲ್ಲಿ ಬೆಳಕಿನ ಮಾತು ಬರುತ್ತದೆ. ಮಂದವಾದ ಮನುಷ್ಯನ ಮನಸ್ಸು ಹೊಳೆಯುವ ವಸ್ತುಗಳ ಮೂಲಕ ನಿಜವಾದ ಬೆಳಕಿನತ್ತ ಏರುತ್ತದೆ ಎಂಬ ಅರ್ಥದ ಸಾಲುಗಳನ್ನು ಅವರು ಚಿನ್ನದ ಲೇಪವಿದ್ದ ಬಾಗಿಲ ಮೇಲೆ ಬರೆಸಿದ್ದರು. ಕುರ್‌ಆನಿನ ಅನ್ನೂರ್ ಅಧ್ಯಾಯದಲ್ಲಿ ಗೂಡಿನೊಳಗಿನ ದೀಪದ ದೃಷ್ಟಾಂತವನ್ನು ಓದಿದವರಿಗೆ ಈ ಭಾವ ಅಪರಿಚಿತವೇನಲ್ಲ.

1946ರಲ್ಲಿ ಎರ್ವಿನ್ ಪ್ಯಾನೋಫ್‌ಸ್ಕಿ ಎಂಬ ಜರ್ಮನ್ ಮೂಲದ ಕಲಾ ಇತಿಹಾಸಕಾರ ಸ್ಯೂಜೇಯ ಬರಹಗಳನ್ನು ಇಂಗ್ಲಿಷಿಗೆ ತಂದು ಟಿಪ್ಪಣಿ ಬರೆದರು. ಹಿಟ್ಲರನ ಕಾಲದಲ್ಲಿ ಕೆಲಸ ಕಳೆದುಕೊಂಡು ಅಮೆರಿಕಕ್ಕೆ ಬಂದ ಯಹೂದಿ ವಿದ್ವಾಂಸರು ಅವರು. ಸ್ಯೂಜೇಗೆ ಈ ಬೆಳಕಿನ ತತ್ತ್ವ ಡಯೋನಿಸಿಯಸ್ ಎಂಬ ಪ್ರಾಚೀನ ಗ್ರೀಕ್ ಲೇಖಕನಿಂದ ಬಂತು, ಆ ತತ್ತ್ವವೇ ಹೊಸ ಇಗರ್ಜಿಗೆ ಪ್ರೇರಣೆ ಎಂಬುದು ಅವರ ವಾದ. 1951ರ ಇನ್ನೊಂದು ಪುಸ್ತಕದಲ್ಲಿ ಗಾಥಿಕ್ ಇಗರ್ಜಿಯ ಭಾಗ, ಉಪಭಾಗಗಳ ಅಚ್ಚುಕಟ್ಟಿಗೂ ಆ ಕಾಲದ ದೇವಶಾಸ್ತ್ರದ ಗ್ರಂಥಗಳ ಅಚ್ಚುಕಟ್ಟಿಗೂ ನಂಟು ಕಟ್ಟಿದರು. 1956ರಲ್ಲಿ ಒಟ್ಟೊ ಫಾನ್ ಸಿಮ್ಸನ್ ಇನ್ನೂ ಮುಂದೆ ಹೋಗಿ ಇಗರ್ಜಿಯನ್ನು ಸ್ವರ್ಗದ ಪ್ರತಿರೂಪವೆಂದು ವಿವರಿಸಿದರು. ಬೇಸಿಗೆ ಪಾಠದ ಬೆನ್ನೆಲುಬು ಇದೇ ಮೂರು ಪುಸ್ತಕಗಳು. ಸುಂದರವಾದ ಪುಸ್ತಕಗಳು. ಪ್ಯಾನೋಫ್‌ಸ್ಕಿಯ 1951ರ ಪುಸ್ತಕವನ್ನು 1967ರಲ್ಲಿ ಫ್ರೆಂಚಿಗೆ ತಂದವರು ಸಮಾಜಶಾಸ್ತ್ರಜ್ಞ ಪಿಯೆರ್ ಬೋರ್ದ್ಯೂ ಎಂದರೆ ಅದರ ಪ್ರಭಾವ ಎಷ್ಟೆಂದು ತಿಳಿಯಬಹುದು.

ಆದರೆ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಪಾಠ ಮಾತ್ರ ಅಲ್ಲಿಗೆ ಮುಗಿಸಿಬಿಟ್ಟಿದೆ.

ಈ ಡಯೋನಿಸಿಯಸ್ ಯಾರು? ಸೇನ್ ಡೆನಿಯ ಸನ್ಯಾಸಿಗಳು ಮೂವರನ್ನು ಒಬ್ಬರನ್ನಾಗಿ ಮಾಡಿಕೊಂಡಿದ್ದರು. ಒಬ್ಬ, ಅಥೆನ್ಸಿನಲ್ಲಿ ಸಂತ ಪೌಲರ ಮಾತು ಕೇಳಿ ವಿಶ್ವಾಸಿಯಾದ ಡಯೋನಿಸಿಯಸ್. ಇನ್ನೊಬ್ಬ, ಮೂರನೆಯ ಶತಮಾನದಲ್ಲಿ ಪ್ಯಾರಿಸ್ಸಿನಲ್ಲಿ ತಲೆ ಕೊಟ್ಟ ಬಿಷಪ್ ಡೆನಿ. ಮತ್ತೊಬ್ಬ, ಸುಮಾರು ಕ್ರಿ.ಶ. 500ರ ಆಸುಪಾಸಿನಲ್ಲಿ ಮೊದಲನೆಯವನ ಹೆಸರಿಟ್ಟುಕೊಂಡು ಗ್ರೀಕ್‌ನಲ್ಲಿ ಬರೆದ ಅನಾಮಿಕ. ಆ ಅನಾಮಿಕನ ಹಸ್ತಪ್ರತಿಯನ್ನು 827ರಲ್ಲಿ ಬೈಜಾಂಟಿಯಮ್ಮಿನ ಚಕ್ರವರ್ತಿ ಫ್ರಾಂಕರ ದೊರೆಗೆ ಉಡುಗೊರೆಯಾಗಿ ಕಳಿಸಿದ. ಅದು ಈ ಮಠಕ್ಕೆ ಬಂತು. ನಮ್ಮ ಸಂತನೇ ಬರೆದ ಗ್ರಂಥ ನಮ್ಮ ಮನೆಗೇ ಬಂತು ಎಂದು ಸನ್ಯಾಸಿಗಳು ಹಿಗ್ಗಿದರು. ಸುಮಾರು 1121ರಲ್ಲಿ ಇದೇ ಮಠದಲ್ಲಿದ್ದ ತತ್ತ್ವಜ್ಞಾನಿ ಅಬೆಲಾರ್ಡ್, ಹಳೆಯ ಗ್ರಂಥವೊಂದರ ಆಧಾರದ ಮೇಲೆ ಈ ಗುರುತನ್ನು ಪ್ರಶ್ನಿಸಿದ. ಮಠಕ್ಕೆ ಮಠವೇ ಅವನ ಮೇಲೆ ತಿರುಗಿಬಿತ್ತು. ಅವನು ರಾತ್ರೋರಾತ್ರಿ ಓಡಿಹೋಗಬೇಕಾಯಿತು.

ದೇವಶಾಸ್ತ್ರ ಕಲಿಸುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿ ಸಿಕ್ಕೀತು? ಒಂದು ಪವಿತ್ರ ಸ್ಥಳ ತನ್ನ ಹಿರಿಮೆಗಾಗಿ ಒಂದು ಕತೆಯನ್ನು ನಂಬುತ್ತದೆ, ಅದನ್ನು ಪ್ರಶ್ನಿಸಿದ ವಿದ್ವಾಂಸನನ್ನು ದ್ರೋಹಿ ಎನ್ನುತ್ತದೆ. ದರ್ಗಾ, ಮಠ, ಮಂದಿರಗಳ ಸ್ಥಳಪುರಾಣಗಳ ನಡುವೆ ಬೆಳೆದ ನಮಗಂತೂ ಇದು ಬಹಳ ಹತ್ತಿರದ ಮಾತು. ಪಾಠದ ಹಾಳೆಗಳಲ್ಲಿ ಅಬೆಲಾರ್ಡನ ಹೆಸರಿಲ್ಲ.

ಪ್ಯಾನೋಫ್‌ಸ್ಕಿಯ ವಾದಕ್ಕೆ ಬಂದ ಉತ್ತರಗಳೂ ಇಲ್ಲ. 1987ರಲ್ಲಿ ಪೀಟರ್ ಕಿಡ್ಸನ್ ಎಂಬ ಇಂಗ್ಲಿಷ್ ವಿದ್ವಾಂಸರು, ಸ್ಯೂಜೇ ಅಂಥ ತತ್ತ್ವಜ್ಞಾನಿಯೇನೂ ಅಲ್ಲ, ಅವರ ಬರಹದಲ್ಲಿ ಡಯೋನಿಸಿಯಸ್‌ನ ತತ್ತ್ವ ಇರುವುದು ಬಹಳ ತೆಳ್ಳಗೆ ಎಂದು ವಾದಿಸಿದರು. ಅದಾದ ಮೇಲೆ ಈ ಚರ್ಚೆ ನಿಂತಿಲ್ಲ. ನಾವು ವಿದ್ವಾಂಸರಲ್ಲ, ತೀರ್ಪು ಕೊಡಲಾರೆವು. ಆದರೆ ಸ್ಯೂಜೇ ತಮ್ಮ ಕೈಯಾರೆ ಕೊಟ್ಟ ಕಾರಣವೊಂದಿದೆ. ಹಬ್ಬದ ದಿನ ಅವಶೇಷಗಳ ದರ್ಶನಕ್ಕೆ ಬರುವ ಜನರಿಗೆ ಹಳೆಯ ಇಗರ್ಜಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನೂಕುನುಗ್ಗಲಿನಲ್ಲಿ ಹೆಂಗಸರು ಕಿರುಚುತ್ತಾ, ಗಂಡಸರ ತಲೆಗಳ ಮೇಲೆ ನಡೆದುಕೊಂಡು ಹೋಗುವಂತಾಗುತ್ತಿತ್ತಂತೆ. ಉರುಸಿನ ಸಂದಣಿ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆಳಕಿನ ತತ್ತ್ವ ಒಂದು ಕಡೆ ಇರಲಿ, ಉಸಿರು ಕಟ್ಟಿದ ಆ ಹೆಂಗಸರೂ ಗಾಥಿಕ್ ಶೈಲಿಗೆ ಒಂದು ಕಾರಣವೇ. ದೇವಶಾಸ್ತ್ರವೆಂದರೆ ಗ್ರಂಥಗಳು ಮಾತ್ರ ಎಂದುಕೊಂಡವರ ಕಣ್ಣಿಗೆ ಈ ಹೆಂಗಸರು ಬೀಳುವುದಿಲ್ಲ.

ಇನ್ನೂ ಒಂದು ಮಾತು. ‘ಸ್ಯೂಜೇಯ ಬೆಳಕಿನಲ್ಲಿ ಅರ್ಧ ದಿನ ಮೌನವಾಗಿ ಕೂರುವುದು’ ಎಂದು ಹಾಳೆಯಲ್ಲಿದೆ. ಸ್ಯೂಜೇ ಕಾಲದ್ದಾಗಿ ಅಲ್ಲಿ ಉಳಿದಿರುವುದು ಪೂರ್ವದ ಸುತ್ತುದಾರಿ, ಅದರ ಕೆಳಗಿನ ನೆಲಮಾಳಿಗೆ, ಪಶ್ಚಿಮದ ಮುಖ. ಮೇಲಿನ ಎತ್ತರದ ಭಾಗವೆಲ್ಲ 1231ರಿಂದ ಮತ್ತೆ ಕಟ್ಟಿದ್ದು. ಗಾಜಿನಲ್ಲಿ ಬಹುಪಾಲು ಕ್ರಾಂತಿಯ ನಂತರ ಹತ್ತೊಂಬತ್ತನೆಯ ಶತಮಾನದಲ್ಲಿ ಕೂರಿಸಿದ್ದು. ಮೌನವಾಗಿ ಕೂರುವುದು ಒಳ್ಳೆಯದೇ, ಆದರೆ ಯಾರ ಬೆಳಕಿನಲ್ಲಿ ಕೂತಿದ್ದೇವೆ ಎಂಬುದು ಗೊತ್ತಿರಬೇಕು.

ಮುಂದಿನ ಪ್ರಶ್ನೆ ಕಟ್ಟಿದವರದ್ದು. ಸ್ಯೂಜೇಯ ಆ ಬಾಗಿಲಿನ ಸಾಲುಗಳಲ್ಲಿ ಇನ್ನೊಂದು ಮಾತೂ ಇದೆ. ಚಿನ್ನಕ್ಕೂ ಖರ್ಚಿಗೂ ಬೆರಗಾಗಬೇಡಿ, ಕೆಲಸಕ್ಕೆ ಬೆರಗಾಗಿ ಎಂಬರ್ಥದ್ದು. ಎಷ್ಟು ಒಳ್ಳೆಯ ಮಾತು! ಆದರೆ ಆ ಕೆಲಸ ಮಾಡಿದ ಮೇಸ್ತ್ರಿಯ ಹೆಸರನ್ನು ಸ್ಯೂಜೇ ಎಲ್ಲಿಯೂ ಬರೆಯಲಿಲ್ಲ. ತಮ್ಮ ಹೆಸರನ್ನು ಹಲವು ಕಡೆ ಕೆತ್ತಿಸಿದರು, ಒಂದು ಕಿಟಕಿಯಲ್ಲಿ ಮರಿಯಮ್ಮನವರ ಪಾದದ ಬಳಿ ತಮ್ಮ ಚಿತ್ರವನ್ನೂ ಬರೆಸಿಕೊಂಡರು. ಛಾವಣಿಗೆ ಬೇಕಾದ ದೊಡ್ಡ ತೊಲೆಗಳು ಈ ಸೀಮೆಯಲ್ಲಿ ಸಿಗುವುದೇ ಇಲ್ಲವೆಂದು ಬಡಗಿಗಳು ಹೇಳಿದಾಗ, ತಾವೇ ಕಾಡಿಗೆ ಹೋಗಿ ಹನ್ನೆರಡು ಮರಗಳನ್ನು ಹುಡುಕಿದ ಕತೆಯನ್ನು ಸಂಭ್ರಮದಿಂದ ಬರೆದಿದ್ದಾರೆ. ಆ ಕತೆಯಲ್ಲಿ ಬಡಗಿಗಳು ಇರುವುದು ‘ಆಗುವುದಿಲ್ಲ’ ಎನ್ನುವುದಕ್ಕೆ ಮಾತ್ರ. ನಾವು ಕತೆಗಾರರು. ಯಾವ ಪಾತ್ರಕ್ಕೆ ಹೆಸರಿಡುತ್ತೇವೆ, ಯಾವ ಪಾತ್ರವನ್ನು ‘ಒಬ್ಬ ಕೂಲಿ’ ಎಂದು ದಾಟಿಸುತ್ತೇವೆ ಎಂಬುದರಲ್ಲಿ ನಮ್ಮ ನಿಯತ್ತು ಗೊತ್ತಾಗುತ್ತದೆ ಎಂಬುದನ್ನು ಬಲ್ಲೆವು.

ಮುಂದಿನ ಶತಮಾನಕ್ಕೆ ಪರಿಸ್ಥಿತಿ ಬದಲಾಯಿತು. 1267ರಲ್ಲಿ ತೀರಿಕೊಂಡ ಪಿಯೆರ್ ದ ಮೊಂತ್ರೈ ಎಂಬ ಮೇಸ್ತ್ರಿಯ ಗೋರಿಕಲ್ಲಿನ ಮೇಲೆ ಅವನನ್ನು ಕಲ್ಲುಕುಟಿಗರ ಪಂಡಿತ ಎಂದು ಕರೆದಿದ್ದರು, ವಿಶ್ವವಿದ್ಯಾಲಯದ ಪಂಡಿತರಿಗೆ ಕೊಡುವ ಅದೇ ಬಿರುದು. ವಿಲಾರ್ ದ ಒನ್ನಕೂರ್ ಎಂಬುವನು ಅದೇ ಶತಮಾನದಲ್ಲಿ ಊರೂರು ತಿರುಗಿ ತುಂಬಿಸಿದ ಚಿತ್ರಪುಸ್ತಕದ 33 ಹಾಳೆಗಳು ಇಂದಿಗೂ ಉಳಿದಿವೆ. ಗರಗಸದ ಯಂತ್ರ, ಗೋಪುರ, ಸಿಂಹ, ಕುಸ್ತಿಯಾಡುವವರು ಎಲ್ಲವೂ ಅದರಲ್ಲಿವೆ. ಸ್ಕೆಚ್ ಪುಸ್ತಕ ತುಂಬಿಸಲು ಹೋಗುವ ವಿದ್ಯಾರ್ಥಿಗಳಿಗೆ ಮೊದಲು ತೋರಿಸಬೇಕಾದದ್ದು ಇದನ್ನು. ಇನ್ನು ಬೋವೆ ಊರಿನ ಇಗರ್ಜಿ. ಎಲ್ಲರಿಗಿಂತ ಎತ್ತರಕ್ಕೆ, ಸುಮಾರು 48 ಮೀಟರಿಗೆ, ಒಳಛಾವಣಿಯನ್ನು ಏರಿಸಿದರು. 1284ರಲ್ಲಿ ಅದರ ಒಂದು ಭಾಗ ಕುಸಿಯಿತು. ನಡುನಡುವೆ ಹೆಚ್ಚಿನ ಕಂಬಗಳನ್ನು ಕೊಟ್ಟು ಮತ್ತೆ ನಿಲ್ಲಿಸಿದರು. ಸ್ವರ್ಗದ ಪ್ರತಿರೂಪಕ್ಕೂ ಕಂಬ ಬೇಕು. ಆ ಕಂಬ ಎಲ್ಲಿ ಬೇಕೆಂದು ತಿಳಿದವನ ಜ್ಞಾನವನ್ನು ದೇವಶಾಸ್ತ್ರದ ಪಕ್ಕದಲ್ಲಿ ಸಮನಾಗಿ ಕೂರಿಸದಿದ್ದರೆ ‘ಕಲ್ಲಿನಲ್ಲಿ ಬರೆದ ದೇವಶಾಸ್ತ್ರ’ ಎಂಬುದು ಬರೀ ಮಾತಾಗುತ್ತದೆ.

ಹಣದ ಪ್ರಶ್ನೆಯಂತೂ ಪಾಠದಲ್ಲಿ ಇಲ್ಲವೇ ಇಲ್ಲ. ಆಶ್ಚರ್ಯವೆಂದರೆ ಆ ಪ್ರಶ್ನೆಯನ್ನು ಎತ್ತಿದವರು ನಾಸ್ತಿಕರಲ್ಲ, ಇಗರ್ಜಿಯ ಸಂತರೇ. ಸ್ಯೂಜೇಯ ಸಮಕಾಲೀನರಾದ ಕ್ಲೇರ್‌ವೋದ ಬರ್ನಾರ್ಡ್ ಸುಮಾರು 1125ರಲ್ಲಿ ಬರೆದ ಕೃತಿಯಲ್ಲಿ, ಗೋಡೆಗಳಿಗೆ ಚಿನ್ನ ತೊಡಿಸಿ ಬಡವರನ್ನು ಬೆತ್ತಲೆ ಬಿಡುವ ಇಗರ್ಜಿಗಳನ್ನು ಕಟುವಾಗಿ ಟೀಕಿಸಿದರು. ಅವರ ಪಂಥದ ಮಠಗಳು ಬಣ್ಣಗಾಜಿಲ್ಲದೆ, ಕೆತ್ತನೆಯಿಲ್ಲದೆ ಬೋಳಾಗಿ ನಿಂತವು. ಆ ಬೋಳು ಕೂಡ ಒಂದು ದೇವಶಾಸ್ತ್ರವೇ. ಒಂದು ಕಡೆ ದೇವರಿಗೆ ಎಷ್ಟು ಕೊಟ್ಟರೂ ಕಡಿಮೆ ಎನ್ನುವ ಸ್ಯೂಜೇ, ಇನ್ನೊಂದು ಕಡೆ ದೇವರ ಪಾಲು ಬಡವನ ಹೊಟ್ಟೆಯಲ್ಲಿದೆ ಎನ್ನುವ ಬರ್ನಾರ್ಡ್. ಈ ಜಗಳ ಎಲ್ಲ ಧರ್ಮಗಳ ಒಳಗೂ ಇದೆ. ಇಸ್ರಾಫ್, ದುಂದುವೆಚ್ಚದ ವಿಚಾರವಾಗಿ ನಮ್ಮ ಮಸೀದಿ ಕಮಿಟಿಗಳಲ್ಲಿಯೂ ಇದೆ. ಮಿನಾರು ಮೊದಲೋ ಮದ್ರಸಾದ ಮಕ್ಕಳ ಊಟ ಮೊದಲೋ ಎಂಬ ವಾಗ್ವಾದ ಕೇಳದವರು ಯಾರು? ಇಬ್ಬರನ್ನೂ ಎದುರುಬದುರು ಕೂರಿಸಿ ಓದಿಸಿದ್ದರೆ ಐದು ವಾರಗಳಲ್ಲಿ ಅದೇ ಅತ್ಯಂತ ಬಿಸಿಯಾದ ದಿನವಾಗುತ್ತಿತ್ತು. ಹಾಳೆಗಳಲ್ಲಿ ಬರ್ನಾರ್ಡ್ ಬರುವುದು ‘ಪ್ರೇಮದ ಸಂತ’ನಾಗಿ, ಒಂದು ಸಾಲಿನಲ್ಲಿ.

ಶಾರ್ತ್ರ್‌ಗೆ ಬರೋಣ. 1194ರ ಜೂನ್ 10ರಂದು ಬೆಂಕಿ ಬಿದ್ದು ಹಳೆಯ ಇಗರ್ಜಿಯ ಬಹುಭಾಗ ಸುಟ್ಟಿತು. ಮರಿಯಮ್ಮನವರದೆಂದು ನಂಬಿದ್ದ ವಸ್ತ್ರ ಉಳಿಯಿತು. ಅದನ್ನೇ ಶುಭಸೂಚನೆ ಎಂದುಕೊಂಡು ಜನ ಮತ್ತೆ ಕಟ್ಟಿದರು, 1260ರಲ್ಲಿ ಪ್ರತಿಷ್ಠೆಯಾಯಿತು. ಹದಿಮೂರನೆಯ ಶತಮಾನದ ಬಣ್ಣಗಾಜು ಇಷ್ಟು ಪ್ರಮಾಣದಲ್ಲಿ ಬೇರೆಲ್ಲಿಯೂ ಉಳಿದಿಲ್ಲ. ಕಿಟಕಿಗಳ ಕೆಳಭಾಗದಲ್ಲಿ ರೊಟ್ಟಿ ಸುಡುವವರು, ಚಪ್ಪಲಿ ಹೊಲಿಯುವವರು, ಬಡಗಿಗಳು, ಚರ್ಮದ ವ್ಯಾಪಾರಿಗಳು ತಮ್ಮ ಕೆಲಸ ಮಾಡುತ್ತಿರುವ ಚಿತ್ರಗಳಿವೆ. ಈ ಕಸುಬಿನವರೇ ಭಕ್ತಿಯಿಂದ ಕಿಟಕಿಗಳನ್ನು ದಾನ ಮಾಡಿದರು ಎಂಬುದು ಬಹುಕಾಲದ ವಿವರಣೆ, ಪಾಠದಲ್ಲಿರುವುದೂ ಅದೇ. 1993ರಲ್ಲಿ ಜೇನ್ ವೆಲ್ಚ್ ವಿಲಿಯಮ್ಸ್ ಎಂಬ ವಿದುಷಿ ಇದನ್ನು ಪ್ರಶ್ನಿಸಿ ಪುಸ್ತಕ ಬರೆದರು. ಊರಿನ ಮೇಲೆ, ವ್ಯಾಪಾರದ ಮೇಲೆ ಹಿಡಿತವಿದ್ದ ಇಗರ್ಜಿಯ ಆಡಳಿತಕ್ಕೂ ಜನರಿಗೂ ತಿಕ್ಕಾಟವಿತ್ತು. 1210ರಲ್ಲಿ ಜನ ದಂಗೆಯೆದ್ದು ಇಗರ್ಜಿಯ ಮುಖ್ಯಸ್ಥನ ಮನೆಯ ಮೇಲೆ ಮುಗಿಬಿದ್ದರು. ಹಾಗಿರುವಾಗ ಈ ನಗುಮುಖದ ರೊಟ್ಟಿಯವರ ಚಿತ್ರ ಯಾರು ಬರೆಸಿದ್ದು, ಯಾರ ಇಷ್ಟದಂತೆ ಬರೆದದ್ದು ಎಂಬುದು ಅವರ ಪ್ರಶ್ನೆ. ಕಿಟಕಿಯನ್ನು ನೋಡಲು ಕಲಿಸುವವರು ಈ ಪ್ರಶ್ನೆ ಕೇಳಲೂ ಕಲಿಸಬೇಕು.

ಅದೇ ಶಾರ್ತ್ರ್‌ನಲ್ಲಿ ಇತ್ತೀಚೆಗೆ ನಡೆದ ಇನ್ನೊಂದು ಸಂಗತಿ ನಮ್ಮನ್ನು ಬಹಳ ಹೊತ್ತು ಹಿಡಿದಿಟ್ಟಿತು. ಒಳಗೋಡೆಗಳು ಶತಮಾನಗಳಿಂದ ಕಪ್ಪಗಿದ್ದವು. ಆ ಕತ್ತಲೆಯಲ್ಲಿ ನೀಲಿ ಗಾಜು ಉರಿಯುವಂತೆ ಕಾಣುತ್ತಿತ್ತು. ಎಷ್ಟೋ ಜನ ಬರಹಗಾರರು ಆ ಕತ್ತಲೆಯನ್ನೇ ಗಾಥಿಕ್ ಭಕ್ತಿಯ ನಿಗೂಢ ಎಂದು ಕೊಂಡಾಡಿದರು. 2009ರ ಹೊತ್ತಿಗೆ ಶುರುವಾದ ಜೀರ್ಣೋದ್ಧಾರದಲ್ಲಿ ಒರೆಸಿ ನೋಡಿದರೆ ಅದು ಮೇಣದಬತ್ತಿ, ದೀಪಗಳ ಮಸಿ. ಕೆಳಗೆ ಹದಿಮೂರನೆಯ ಶತಮಾನದ್ದೇ ತಿಳಿ ಹಳದಿ ಬಣ್ಣ, ಅದರ ಮೇಲೆ ಬಿಳಿ ಗೆರೆಗಳಲ್ಲಿ ಬರೆದ ಕಲ್ಲಿನ ಸಂದುಗಳು ಇದ್ದವು. ಗೋಡೆಗಳನ್ನು ಮತ್ತೆ ಆ ಬಣ್ಣಕ್ಕೆ ತಂದರು. ಕಂಬದ ಬಳಿಯ ಕಪ್ಪು ಮರಿಯಮ್ಮನವರ ವಿಗ್ರಹವೂ ಬೆಳ್ಳಗಾಯಿತು. 2014ರಲ್ಲಿ ಅಮೆರಿಕದ ವಿಮರ್ಶಕ ಮಾರ್ಟಿನ್ ಫಿಲ್ಲರ್ ಇದನ್ನು ಅನಾಹುತವೆಂದು ಬರೆದರು. ತಜ್ಞರು ಪುರಾವೆ ತೋರಿಸಿ ಸಮರ್ಥಿಸಿಕೊಂಡರು. ಕಪ್ಪು ತಾಯಿಗೆ ಹರಕೆ ಹೊತ್ತ ಮುದುಕಿಯ ದೇವರು ಸುಳ್ಳೇ? ಮಸಿಯೂ ಪ್ರಾರ್ಥನೆಯ ಗುರುತಲ್ಲವೇ? ಮೂಲ ಎಂಬುದು ಕಟ್ಟಿದ ದಿನದ್ದೋ, ನಂಬಿದ ದಿನಗಳದ್ದೋ? ಇವು ವಾಸ್ತುಶಿಲ್ಪದ ಪ್ರಶ್ನೆಗಳೋ ದೇವಶಾಸ್ತ್ರದವೋ ಹೇಳುವುದು ಕಷ್ಟ. ಎರಡನ್ನೂ ಜೋಡಿಸಿ ಕಲಿಸುತ್ತೇವೆ ಎನ್ನುವವರು ಮೊದಲು ಎತ್ತಬೇಕಾದ ಪ್ರಶ್ನೆಗಳು ಇವೇ. ಪಾಠದಲ್ಲಿ ಶಾರ್ತ್ರ್‌ಗೆ ಎರಡು ದಿನ ಕೊಟ್ಟಿದ್ದಾರೆ, ಆ ಎರಡು ದಿನವೂ ‘ನಿಗೂಢ ಬೆಳಕು’.

ಮೂರನೆಯ ವಾರ ಪ್ಯಾರಿಸ್ಸಿನ ಸೇಂತ್ ಶಪೆಲ್. ಒಂಬತ್ತನೆಯ ಲೂಯಿ, ಇಗರ್ಜಿಯ ಲೆಕ್ಕದಲ್ಲಿ ಸಂತ ಲೂಯಿ, 1239ರಲ್ಲಿ ಯೇಸುವಿನ ಮುಳ್ಳಿನ ಕಿರೀಟವೆಂದು ನಂಬಿದ್ದ ಅವಶೇಷವನ್ನು 135,000 ಲೀವ್ರ್ ಕೊಟ್ಟು ಪಡೆದ. ಅದನ್ನಿಡಲು ಕಟ್ಟಿಸಿದ ಪ್ರಾರ್ಥನಾಲಯಕ್ಕೆ ಬಿದ್ದ ಖರ್ಚು 40,000 ಲೀವ್ರ್. ಒಡವೆಗಿಂತ ಪೆಟ್ಟಿಗೆ ಅಗ್ಗ. 1248ರ ಏಪ್ರಿಲ್ 26ರಂದು ಪ್ರತಿಷ್ಠೆ. ಗೋಡೆಯೇ ಇಲ್ಲವೆಂಬಂತೆ ಎದ್ದ ಗಾಜು, ಅದರಲ್ಲಿ ಸಾವಿರಕ್ಕೂ ಮೀರಿದ ಚಿತ್ರಗಳು. ಇಲ್ಲಿ ನಿಂತವರು ಮಾತು ಮರೆಯುತ್ತಾರಂತೆ. ನಮಗೂ ಚಿತ್ರದಲ್ಲಿ ನೋಡಿಯೇ ಹಾಗಾಯಿತು. ಆದರೆ ಪ್ರತಿಷ್ಠೆಯ ಅದೇ ಬೇಸಿಗೆಯಲ್ಲಿ ಲೂಯಿ ಶಿಲುಬೆಯುದ್ಧಕ್ಕೆ ಹಡಗು ಹತ್ತಿದ. 1250ರಲ್ಲಿ ಈಜಿಪ್ಟಿನಲ್ಲಿ ಸೆರೆಸಿಕ್ಕ, 1270ರಲ್ಲಿ ಟ್ಯೂನಿಸ್‌ನಲ್ಲಿ ಇನ್ನೊಂದು ದಂಡಯಾತ್ರೆಯಲ್ಲಿ ಸತ್ತ. ಅದಕ್ಕೂ ಮೊದಲು, 1242ರಲ್ಲಿ ಯಹೂದಿಗಳ ತಾಲ್ಮುದ್ ಗ್ರಂಥಗಳನ್ನು ಬಂಡಿಗಟ್ಟಲೆ ಪ್ಯಾರಿಸ್ಸಿನ ಬೀದಿಯಲ್ಲಿ ಸುಟ್ಟದ್ದು ಅವನ ಆಳ್ವಿಕೆಯಲ್ಲೇ. ಸ್ಟ್ರಾಸ್‌ಬುರ್ಗ್ ಇಗರ್ಜಿಯ ಬಾಗಿಲ ಬಳಿ ಎರಡು ಸುಂದರ ಹೆಣ್ಣುರೂಪಗಳಿದ್ದವು. ಒಬ್ಬಳು ಕಿರೀಟ ತೊಟ್ಟ ಇಗರ್ಜಿ. ಇನ್ನೊಬ್ಬಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡ, ಮುರಿದ ಭರ್ಜಿ ಹಿಡಿದ ಯಹೂದಿ ಧರ್ಮ. ಪ್ಯಾರಿಸ್ಸಿನ ನೋತ್ರ ದಾಮ್‌ನ ಮುಖದ ಮೇಲೂ ಈ ಜೋಡಿ ಇದೆ, ಕ್ರಾಂತಿಯಲ್ಲಿ ಹಾಳಾದವುಗಳ ಜಾಗದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಮತ್ತೆ ಮಾಡಿಟ್ಟವು. ಇದೂ ಕಲ್ಲಿನಲ್ಲಿ ಬರೆದ ದೇವಶಾಸ್ತ್ರವೇ. 1965ರ ಅಕ್ಟೋಬರ್ 28ರಂದು ಕ್ಯಾಥೋಲಿಕ್ ಇಗರ್ಜಿಯ ಮಹಾಸಭೆ ಹೊರಡಿಸಿದ ‘ನೋಸ್ತ್ರಾ ಎತಾತೆ’ ಎಂಬ ಘೋಷಣೆ ಯಹೂದಿದ್ವೇಷವನ್ನು ಖಂಡಿಸಿತು, ಮುಸ್ಲಿಮರನ್ನು ಗೌರವದಿಂದ ಕಾಣಬೇಕೆಂದಿತು. ಹಾಗಾದರೆ ಕಲ್ಲು ಹೇಳುವುದನ್ನು ಇಗರ್ಜಿಯೇ ತಿದ್ದಿದೆ. ತಿದ್ದುಪಡಿಯನ್ನು ಬಿಟ್ಟು ಕಲ್ಲನ್ನಷ್ಟೇ ಓದಿಸುವುದು ಇಗರ್ಜಿಗೂ ಮಾಡುವ ಅನ್ಯಾಯ.

ಇಷ್ಟು ಹೊತ್ತು ಓದಿದ ನಮ್ಮವರಲ್ಲಿ ಕೆಲವರು ಇನ್ನೊಂದು ಮಾತಿಗೆ ಕಾಯುತ್ತಿರಬಹುದು. ‘ಮೊನಚು ಕಮಾನು ನಮ್ಮದಲ್ಲವೇ?’ ಎಂದು. ಲಂಡನ್ನಿನ ಸೇಂಟ್ ಪಾಲ್ ಇಗರ್ಜಿಯನ್ನು ಕಟ್ಟಿದ ಕ್ರಿಸ್ಟೋಫರ್ ರೆನ್, ಗಾಥಿಕ್ ಶೈಲಿಯನ್ನು ಅರಬರ ಶೈಲಿ ಎಂದೇ ಕರೆಯಬೇಕೆಂದು ಮುನ್ನೂರು ವರ್ಷಗಳ ಹಿಂದೆ ಬರೆದಿದ್ದರು. 2019ರ ಏಪ್ರಿಲ್ 15ರಂದು ನೋತ್ರ ದಾಮ್‌ಗೆ ಬೆಂಕಿ ಬಿದ್ದ ಮೇಲೆ ಡಯಾನಾ ಡಾರ್ಕ್ ಎಂಬ ಲೇಖಕಿ ಈ ವಾದವನ್ನು ಮತ್ತೆ ಎತ್ತಿ 2020ರಲ್ಲಿ ಪುಸ್ತಕ ತಂದರು. ಕೈರೋದ ಇಬ್ನ್ ತುಲೂನ್ ಮಸೀದಿಯ ಮೊನಚು ಕಮಾನುಗಳು 879ರವು. ಕಾರ್ಡೋಬಾದಲ್ಲಿ ಎರಡನೆಯ ಅಲ್ ಹಕಮ್ 960ರ ದಶಕದಲ್ಲಿ ಕಟ್ಟಿಸಿದ ಭಾಗದ ಗುಮ್ಮಟಗಳಲ್ಲಿ ಒಂದನ್ನೊಂದು ಹಾಯುವ ಕಲ್ಲಿನ ಏಣುಗಳಿವೆ. ಇವು ನಿಜ. ಆದರೆ ಭಾರವನ್ನು ಹೊತ್ತು ಇಳಿಸುವ ಏಣುಗಳ ಛಾವಣಿಯನ್ನು ಇಂಗ್ಲೆಂಡಿನ ಡರಹಮ್‌ನಲ್ಲಿ 1093ರಿಂದ ಕಟ್ಟಿದವರೂ, ಹೊರಗಿನಿಂದ ತೋಳು ಚಾಚಿ ಗೋಡೆಯನ್ನು ಒತ್ತಿ ಹಿಡಿಯುವ ಆಸರೆ ಕಮಾನುಗಳನ್ನು ಫ್ರಾನ್ಸಿನಲ್ಲಿ ಬೆಳೆಸಿದವರೂ ಅಲ್ಲಿನ ಮೇಸ್ತ್ರಿಗಳೇ. ಅದೂ ಅಷ್ಟೇ ನಿಜ. ಕಮಾನು ಊರೂರು ಅಲೆಯುತ್ತದೆ, ಅದಕ್ಕೆ ಸುನ್ನತಿಯೂ ಇಲ್ಲ, ಜ್ಞಾನಸ್ನಾನವೂ ಇಲ್ಲ. ಪಾಠದವರು ಈ ಅಲೆದಾಟವನ್ನು ಒಂದು ದಿನವಾದರೂ ಕಲಿಸಬೇಕಿತ್ತು ಎಂಬುದು ನಮ್ಮ ದೂರು. ಆದರೆ ಹಾಗೆ ಕಲಿಸಿದರೆ ಅದು ನಮ್ಮ ಮೀಸೆ ತಿರುವುವುದಕ್ಕಾಗಿ ಅಲ್ಲ. ತಾನೇ ಕಟ್ಟದ್ದಕ್ಕೆ ಹೆಮ್ಮೆ ಪಡುವವನು ತಾನು ಕಟ್ಟಬೇಕಾದ್ದನ್ನು ಮರೆಯುತ್ತಾನೆ.

ಕೊನೆಯದಾಗಿ ಆ ಹಾಳೆಗಳಲ್ಲಿ ಇಲ್ಲದ ಒಂದು ಇಗರ್ಜಿ. ಪ್ಯಾರಿಸ್ಸಿನ ಉತ್ತರ ಭಾಗದಲ್ಲಿ, ಅರಬರು, ಆಫ್ರಿಕನ್ನರು ದಟ್ಟವಾಗಿರುವ ಮೊಹಲ್ಲಾದಲ್ಲಿ, ಸೇನ್ ಬೆರ್ನಾರ್ ಎಂಬ ಇಗರ್ಜಿ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಗಾಥಿಕ್ ಶೈಲಿಯನ್ನು ಅನುಕರಿಸಿ ಕಟ್ಟಿದ್ದು. ವಾಸ್ತುಶಿಲ್ಪದ ಲೆಕ್ಕದಲ್ಲಿ ದೊಡ್ಡ ಹೆಸರೇನಲ್ಲ. 1996ರ ಜೂನ್ 28ರಂದು ಕಾಗದಪತ್ರಗಳಿಲ್ಲದ ಸುಮಾರು 300 ವಲಸಿಗರು ಅದರೊಳಗೆ ಆಶ್ರಯ ಪಡೆದರು. ಹೆಚ್ಚಿನವರು ಮಾಲಿ, ಸೆನೆಗಲ್ ಕಡೆಯವರು, ಅವರಲ್ಲಿ ಬಹಳಷ್ಟು ಜನ ಮುಸ್ಲಿಮರು, ಹೆಂಗಸರು, ಮಕ್ಕಳು. ಹತ್ತು ಜನ ಉಪವಾಸ ಕೂತರು. ಅಲ್ಲಿಯ ಪಾದ್ರಿ ಅವರನ್ನು ಹೊರಹಾಕಲಿಲ್ಲ. ಆಗಸ್ಟ್ 23ರ ಬೆಳಿಗ್ಗೆ ಪೊಲೀಸರು ಕೊಡಲಿಯಿಂದ ಬಾಗಿಲು ಒಡೆದು ಒಳನುಗ್ಗಿ ಎಲ್ಲರನ್ನೂ ಎಳೆದೊಯ್ದರು. 2002ರ ಆಗಸ್ಟ್‌ನಲ್ಲಿ ಇಂಥವರೇ ಸೇನ್ ಡೆನಿಯ ಇಗರ್ಜಿಯನ್ನೂ ಹೊಕ್ಕು ಕೂತರು, ಸ್ಯೂಜೇ ಕಟ್ಟಿಸಿದ ಅದೇ ಇಗರ್ಜಿ.

ಶರಣು ಬಂದವನನ್ನು ದೇವರ ಮನೆಯಿಂದ ಎಳೆಯಬಾರದು ಎಂಬುದು ಇಗರ್ಜಿಯ ಬಹಳ ಹಳೆಯ ನಿಯಮ. ಆ ನಿಯಮಕ್ಕೆ ಬಾಗಿಲು, ಗೋಡೆ, ಬೀಗ ಬೇಕು. ಅಂದರೆ ವಾಸ್ತುಶಿಲ್ಪ ಬೇಕು. ಬಾಗಿಲು ಯಾರಿಗೆ ತೆರೆಯುತ್ತದೆ, ಯಾರು ಅದನ್ನು ಒಡೆಯುತ್ತಾರೆ ಎಂಬುದರಲ್ಲಿ ಕಟ್ಟಡವೂ ದೇವಶಾಸ್ತ್ರವೂ ಒಂದೇ ಆಗಿಬಿಡುತ್ತವೆ. ಕಟ್ಟಡದ ಅರ್ಥ ಕಟ್ಟಿಸಿದವನ ಪುಸ್ತಕದಲ್ಲಿ ಮಾತ್ರ ಇರುವುದಿಲ್ಲ, ಅದರೊಳಗೆ ಮಲಗಿ ರಾತ್ರಿ ಕಳೆದವರ ಬಳಿಯೂ ಇರುತ್ತದೆ. ಐದು ವಾರ ಹನ್ನೆರಡನೆಯ ಶತಮಾನದ ಬೆಳಕನ್ನು ಓದುವ ವಿದ್ಯಾರ್ಥಿಗಳು ಸೇನ್ ಡೆನಿಗೆ ಹೋಗುವುದು ಮೆಟ್ರೋ 13ನೆಯ ಮಾರ್ಗದಲ್ಲಿ. ಆ ಬೋಗಿಯಲ್ಲಿ ಅವರ ಪಕ್ಕ ಕೂರುವವರು ಯಾರ ಮಕ್ಕಳು ಎಂದು ಒಮ್ಮೆಯೂ ಕೇಳದೆ ಹಿಂದಿರುಗಿದರೆ, ಅವರು ಕಟ್ಟಡವನ್ನೂ ಅರ್ಧ ನೋಡಿದರು, ದೇವಶಾಸ್ತ್ರವನ್ನೂ ಅರ್ಧ ಕಲಿತರು.

ಅಕ್ಕನಿಗೆ ನಾವು ಹೇಳಿದ್ದಿಷ್ಟು. ಹುಡುಗಿ ಹೋಗಲಿ. ಇನ್ನೊಬ್ಬರ ನಂಬಿಕೆಯನ್ನು ಅವರ ಮನೆಯಲ್ಲೇ ಕೂತು, ಅವರ ಬಾಯಿಂದಲೇ ಕೇಳುವುದರಿಂದ ನಮ್ಮ ನಂಬಿಕೆ ಕರಗುವುದಿಲ್ಲ. ಕರಗುವಂಥದಾದರೆ ಮನೆಯಲ್ಲಿ ಕೂತರೂ ಕರಗುತ್ತದೆ. ಹುಡುಗಿಗೆ ಹೇಳಿದ್ದು ಬೇರೆ. ಹೊರಡುವ ಮೊದಲು ಮೈಸೂರಿಗೆ ಹೋಗಿ ಸಂತ ಫಿಲೋಮಿನಾ ಇಗರ್ಜಿಯನ್ನು ನೋಡಿಕೊಂಡು ಬಾ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದಕ್ಕೆ ಅಡಿಗಲ್ಲಿಟ್ಟರು. ಜರ್ಮನಿಯ ಕೊಲೋನ್ ಇಗರ್ಜಿ ಅದಕ್ಕೆ ಮಾದರಿ ಎನ್ನುತ್ತಾರೆ. ಕೊಲೋನಿನಲ್ಲಿ ಕಟ್ಟಲು ಶುರು ಮಾಡಿದ್ದು 1248ರಲ್ಲಿ, ಸಂತ ಲೂಯಿ ಹಡಗು ಹತ್ತಿದ ಅದೇ ವರ್ಷ. ಮೈಸೂರಿನ ಬಾಗಿಲಲ್ಲಿ ಹಿಂದೂ ದೊರೆ ಅಡಿಗಲ್ಲಿಟ್ಟ ಆ ಕಟ್ಟಡಕ್ಕೆ ಕಲ್ಲು ಹೊತ್ತವರು ಯಾರೆಂದು ಕೇಳಿ ನೋಡು. ಉತ್ತರ ಸಿಗದಿದ್ದರೆ ಅದೇ ಪ್ರಶ್ನೆಯನ್ನು ಚೀಲದಲ್ಲಿಟ್ಟುಕೊಂಡು ಫ್ರಾನ್ಸಿಗೆ ಹೋಗು.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಾಮೂ, ಅಲ್ಲಿಯ ಮೇಷ್ಟ್ರಿಗೆ ಇಷ್ಟೆಲ್ಲ ಕೇಳಿದರೆ ಮಾರ್ಕ್ಸ್ ಕೊಡ್ತಾರಾ?’ ಎಂದಳು. ಅದಕ್ಕೆ ನಮ್ಮ ಬಳಿ ಉತ್ತರವಿರಲಿಲ್ಲ. ಒಳ್ಳೆಯ ಮೇಷ್ಟ್ರಾದರೆ ಕೊಡುತ್ತಾರೆ. ಅಬೆಲಾರ್ಡನಿಗೆ ಮಾತ್ರ ಕೊಟ್ಟಿರಲಿಲ್ಲ.